ಮಾತೋಶ್ರೀಯವರು ಗಡಿಗಲ್ಲು ದಾಟಿದ ಪ್ರಸಂಗ

ಭೀಮಾ ತೀರದ ಕರಜಿಹಾಳ ಮಠದಲ್ಲಿ ಪೂಜ್ಯ ಮಾತೋಶ್ರೀ ಮಹಾಂತಮ್ಮನವರಿಗೆ ಸಿಂಹಾಸನವಿರಲಿಲ್ಲ, ಪಲ್ಲಕ್ಕಿಯೂ ಇರಲಿಲ್ಲ. ದಾಸೋಹದ ಅಡುಗೆಮನೆಯ ಹಿಂದೆ ಬೇವಿನ ಮರದಡಿ ಗೋಣಿತಟ್ಟು ಹಾಸಿಕೊಂಡು ಅವರು ಮುಂಜಾನೆಯೆಲ್ಲ ಪುಂಡಿಪಲ್ಯೆ ಸೋಸುತ್ತಿದ್ದರು. ದರ್ಶನಕ್ಕೆ ಬಂದವರು ಅಲ್ಲಿಗೇ ಬರಬೇಕು. ಬಂದವರ ಕೈಗೂ ಒಂದು ಹಿಡಿ ಸೊಪ್ಪು ಸಿಗುತ್ತಿತ್ತು.

ತರುಣ ವಯಸ್ಸಿನಲ್ಲಿ ದೀಕ್ಷೆ ಪಡೆಯುವಾಗ ಅವರು ಗುರುಗಳ ಪಾದ ಮುಟ್ಟಿ ಒಂದು ವ್ರತ ತೊಟ್ಟಿದ್ದರು: ಉಸಿರಿರುವವರೆಗೆ ಮಠದ ಗಡಿಗಲ್ಲು ದಾಟುವುದಿಲ್ಲ. ಪಕ್ಕದ ಊರಿನಲ್ಲಿ ಹೆತ್ತ ತಾಯಿ ತೀರಿಕೊಂಡಾಗಲೂ ಅವರು ಕಲ್ಲಿನ ಈಚೆ ನಿಂತು ಕೈಮುಗಿದರೇ ಹೊರತು ಹೆಜ್ಜೆ ಆಚೆ ಇಡಲಿಲ್ಲ. ಆ ವ್ರತದ ಬಲದಿಂದಲೇ ಮಠದ ಆಣೆಗೆ ಶಕ್ತಿ ಬಂದಿದೆಯೆಂದು ಸುತ್ತಲ ಹಳ್ಳಿಗಳು ನಂಬಿದ್ದವು. ಅಮಾವಾಸ್ಯೆಗೆ ಕುಡುಕರನ್ನು ಕರೆತಂದು, ಹಿಂದಿನ ಗುರುಗಳ ಗದ್ದುಗೆಯ ಮುಂದೆ ಕೈಯಲ್ಲಿ ವಿಭೂತಿ ಹಿಡಿಸಿ, ಇನ್ನು ಮುಟ್ಟುವುದಿಲ್ಲವೆಂದು ಆಣೆ ಮಾಡಿಸುವ ಪದ್ಧತಿ ಅಲ್ಲಿತ್ತು.

ಲಚ್ಚಪ್ಪ ಗೌಂಡಿಯ ಕಥೆಯನ್ನು ಭಜನೆಯ ಮೇಳಗಳಲ್ಲಿ ಬೇರೆ ರೀತಿ ಹೇಳುತ್ತಾರೆ. ಮಾತೋಶ್ರೀಯವರು ಹಣೆ ಮುಟ್ಟಿದರಂತೆ, ಕುಡಿತ ಆ ಕ್ಷಣವೇ ಬಿಟ್ಟು ಓಡಿತಂತೆ. ಹಾಗೆ ನಡೆಯಲಿಲ್ಲ. ನಡೆದದ್ದು ಅದಕ್ಕಿಂತ ದೊಡ್ಡದು.

ಲಚ್ಚಪ್ಪ ಕೈಚಳಕದ ಗೌಂಡಿ. ಮಠದ ಅಡುಗೆಮನೆಯ ಗೋಡೆ ಎಬ್ಬಿಸಿದವನು ಅವನೇ. ಕುಡಿತ ಹೆಚ್ಚಾಗಿ ಕೈ ನಡುಗತೊಡಗಿದ ಮೇಲೆ ಅವನ ಗೋಡೆಗಳು ಹೊಟ್ಟೆ ಬಿಟ್ಟವು, ಕೆಲಸ ತಪ್ಪಿತು. ಒಂದು ಅಮಾವಾಸ್ಯೆಯಂದು ಹೆಂಡತಿ ಶಾಂತವ್ವ ಅವನನ್ನು ಗದ್ದುಗೆಗೆ ಕರೆತಂದಳು. ಅವನು ಮನಸಾರೆ ಆಣೆ ಮಾಡಿದ, ಅಂದಿನಿಂದಲೇ ಒಂದು ಹನಿ ಮುಟ್ಟಲಿಲ್ಲ. ಎರಡು ದಿನ ಕಳೆಯುವುದರೊಳಗೆ ಮೈಯೆಲ್ಲ ಬೆವೆತು ನಡುಗಿತು. ಗೋಡೆಯ ತುಂಬ ಇರುವೆ ಹರಿದಾಡುವುದು ಕಂಡಿತು. ಸತ್ತುಹೋದ ಅಪ್ಪ ಹೆಸರು ಹಿಡಿದು ಕೂಗಿದ. ಓಣಿಯವರು ದೆವ್ವ ಮೆಟ್ಟಿತೆಂದರು, ಯಾರೋ ಮಂತ್ರಿಸಿದ ನೀರು ಚಿಮುಕಿಸಿದರು. ಆ ಹೆದರಿಕೆ ತಾಳಲಾರದೆ ಅವನು ಕುಡಿದ. ಕುಡಿದ ಕೂಡಲೇ ಇರುವೆಗಳು ಹೋದವು, ಆದರೆ ಆಣೆ ಮುರಿದಿತ್ತು.

ಗದ್ದುಗೆಯ ಆಣೆ ತಪ್ಪಿದವನ ಜೊತೆ ಆ ಸೀಮೆಯಲ್ಲಿ ಯಾರೂ ಪಂಕ್ತಿಯಲ್ಲಿ ಕೂರುವುದಿಲ್ಲ. ಶಾಂತವ್ವ ಮಗಳನ್ನು ಕರೆದುಕೊಂಡು ತವರಿಗೆ ಹೋದಳು. ಚಹದಂಗಡಿಯಲ್ಲಿ ಅವನು ಕುಳಿತರೆ ಬೆಂಚು ತಾನಾಗಿ ಖಾಲಿಯಾಗುತ್ತಿತ್ತು. ಮಾತಾಡಿಸುವವರಿಲ್ಲದೆ ಅವನಿಗೆ ತನ್ನ ದನಿಯೇ ಮರೆತಂತಾಯಿತು. ಮಠದ ಮುಂದೆ ಹಾಯುವುದಕ್ಕೂ ಅಂಜಿ ಹೊಲದ ಬದುವಿನ ಮೇಲೆ ಸುತ್ತುಹಾಕಿ ತಿರುಗುತ್ತಿದ್ದ. ಹಸಿವಾದಾಗ ಮಾತ್ರ ಗಡಿಗಲ್ಲಿನ ಈಚೆ ಬಂದು ಅಡುಗೆಮನೆಯ ಹೊರಗೋಡೆಗೆ ಬೆನ್ನು ಹಚ್ಚಿ ಕುಳಿತುಕೊಳ್ಳುತ್ತಿದ್ದ. ಒಳಗೆ ಹೋಗುತ್ತಿರಲಿಲ್ಲ.

ಒಂದು ಮುಂಜಾನೆ ಮಾತೋಶ್ರೀಯವರು ಹಿತ್ತಿಲ ಬಾಗಿಲು ತೆಗೆದು ಅವನೆದುರು ಬಂದು ನಿಂತರು. ಅವನು ಎದ್ದು ಓಡಲು ನೋಡಿ, ಗೋಡೆ ಹಿಡಿದು ಮತ್ತೆ ಕುಳಿತ. ಅವರು ಬೈಯಲಿಲ್ಲ. ಅವನ ಪಕ್ಕದಲ್ಲೇ ಮಣ್ಣಿನ ಮೇಲೆ ಕುಳಿತು, ಆಣೆ ಮಾಡಿದ ಮೇಲೆ ಏನೇನಾಯಿತು, ಮೊದಲಿಂದ ಹೇಳು ಎಂದರು. ಹಾಗೆ ಕೇಳಿದವರು ಅವರೊಬ್ಬರೇ. ಲಚ್ಚಪ್ಪ ಇರುವೆಯ ಮಾತು ಹೇಳಿದ, ಅಪ್ಪನ ಮಾತು ಹೇಳಿದ. ಆಮೇಲೆ, ಯಾರಿಗೂ ಹೇಳದಿದ್ದ ಇನ್ನೊಂದನ್ನೂ ಹೇಳಿದ.

ಅವನು ಒಬ್ಬನೇ ಬಸ್ಸು ಹತ್ತಿ ಜಿಲ್ಲೆಯ ದೊಡ್ಡಾಸ್ಪತ್ರೆಗೆ ಹೋಗಿ ಬಂದಿದ್ದ. ಅಲ್ಲಿಯ ಡಾಕ್ಟರು ಸಮಾಧಾನದಿಂದ ಕೇಳಿದರು. ಇದು ದೆವ್ವವಲ್ಲ, ಶಾಪವಲ್ಲ, ರೋಗ. ವರ್ಷಗಟ್ಟಲೆ ಕುಡಿದವರು ಒಮ್ಮೆಲೇ ಬಿಟ್ಟರೆ ಹೀಗಾಗುತ್ತದೆ, ಪ್ರಾಣಕ್ಕೂ ಅಪಾಯ. ದಾಖಲಾಗಿ ಔಷಧದ ಆಸರೆಯಲ್ಲಿ ಬಿಡಬೇಕು ಎಂದರು. ದಾಖಲು ಮಾಡಿಕೊಳ್ಳುವ ನರ್ಸ್ ಎಲ್ಲ ರೋಗಿಗಳಿಗೂ ಕೇಳುವುದನ್ನು ಅವನಿಗೂ ಕೇಳಿದರು: ಜೊತೆಗೆ ಯಾರಿದ್ದೀರಿ? ರಾತ್ರಿ ಹಗಲು ಪಕ್ಕದಲ್ಲಿ ಒಬ್ಬರು ಇರಲೇಬೇಕು. ಬರುತ್ತಾರೆ, ಹೊರಗಿದ್ದಾರೆ ಎಂದು ಲಚ್ಚಪ್ಪ ಸುಳ್ಳು ಹೇಳಿದ. ಬಾಗಿಲ ತನಕ ಹೋಗಿ ಸಾಯಂಕಾಲದವರೆಗೆ ಅಲ್ಲಿಯೇ ನಿಂತ. ಯಾರು ಬರಬೇಕು? ತಿರುಗಿ ಊರಿಗೆ ಬಂದ.

ಗದ್ದುಗೆಯ ಮುಂದೆ ತಾವೇ ವಿಭೂತಿ ಕೊಟ್ಟ ಎಷ್ಟು ಮುಖಗಳು ಮಾತೋಶ್ರೀಯವರ ಕಣ್ಣ ಮುಂದೆ ಹಾದುಹೋದವೋ ಬಲ್ಲವರಾರು? ಆಮೇಲೆ ಸೆರಗಿನಿಂದ ಕೈ ಒರೆಸಿಕೊಂಡು ಎದ್ದು, "ನಡಿ ತಮ್ಮಾ, ಜೊತಿಗೆ ನಾ ಬರತೀನಿ" ಎಂದರು.

ಮಠದ ಆಡಳಿತ ನೋಡುತ್ತಿದ್ದ ಸಂಗಯ್ಯನವರು ಓಡಿಬಂದು ಗಡಿಗಲ್ಲಿಗೆ ಅಡ್ಡ ನಿಂತರು. ಅವರು ಕೆಟ್ಟವರಲ್ಲ, ಮಠವನ್ನು ಜೀವಕ್ಕಿಂತ ಹೆಚ್ಚಾಗಿ ಕಂಡವರು.

"ತಾಯಿ, ವ್ರತ ಹೋದರ ಮಠಾನೇ ಹೋತು. ಹೆತ್ತವ್ವ ಸತ್ತಾಗ ದಾಟಲಿಲ್ಲ, ಈ ಕುಡುಕನ ಸಲುವಾಗಿ ದಾಟತೀರೇನು?"

"ಅವ್ವ ತೀರಿಕೊಂಡಿದ್ದಳು ಅಯ್ಯನವರ. ನಾ ಹೋದರೂ ಏಳತಿದ್ದಿಲ್ಲ. ಇವ ಇನ್ನೂ ಬದುಕ್ಯಾನ."

ಅವರು ಕಲ್ಲಿಗೆ ನಮಸ್ಕರಿಸಿ, ಅದನ್ನು ಬಳಸಿ ಆಚೆ ನಡೆದರು. ಹಿಂದೆ ನಿಂತ ಭಕ್ತರಲ್ಲಿ ಒಬ್ಬರೂ ಜೈ ಎನ್ನಲಿಲ್ಲ. ಒಬ್ಬಾಕೆ ಅತ್ತದ್ದು ಮಾತ್ರ ಲಚ್ಚಪ್ಪನಿಗೆ ಕೇಳಿಸಿತು.

ಆಸ್ಪತ್ರೆಯಲ್ಲಿ ಅದೇ ನರ್ಸ್ ಇದ್ದರು. ಇವರು ನಿಮಗೆ ಏನಾಗಬೇಕು ಎಂದು ಕೇಳಿದಾಗ ಮಾತೋಶ್ರೀಯವರು ಸ್ವಲ್ಪ ಯೋಚಿಸಿದರು; ಸುಳ್ಳು ಅವರ ನಾಲಿಗೆಗೆ ಬರುತ್ತಿರಲಿಲ್ಲ. "ನಮ್ಮ ಅಡಿಗಿ ಮನಿ ಕಟ್ಟಿದ ಗೌಂಡಿ" ಎಂದರು. ನರ್ಸ್ ನಕ್ಕುಬಿಟ್ಟರು. "ನಮ್ಮ ಗೌಂಡಿ ಹತ್ತು ಸಲ ಕರದರೂ ಮನಿಗೆ ಬರಂಗಿಲ್ರಿ ಅಮ್ಮಾ, ನೀವು ಗೌಂಡಿ ಜೊತಿ ಆಸ್ಪತ್ರಿಗೇ ಬಂದೀರಿ."

ಹಾಸಿಗೆಗಳ ನಡುವಿನ ನೆಲದ ಮೇಲೆ, ಉಳಿದ ರೋಗಿಗಳ ಅಕ್ಕತಂಗಿಯರ, ತಾಯಂದಿರ ಸಾಲಿನಲ್ಲಿ ಅವರೂ ಸೀರೆ ಹಾಸಿಕೊಂಡು ಮಲಗಿದರು. ಬಿಸಿನೀರು ತಂದರು, ತಟ್ಟೆ ತೊಳೆದರು, ವಾಂತಿ ಬಳಿದರು. ಅವರು ಯಾರೆಂದು ಅಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ, ಅವರೂ ಹೇಳಲಿಲ್ಲ. ಈ ಸಲವೂ ಲಚ್ಚಪ್ಪನ ಮೈ ನಡುಗಿತು. ಆದರೆ ಸೂಜಿಮದ್ದು ಇತ್ತು, ಹಣೆಯ ಮೇಲೆ ಒದ್ದೆ ಬಟ್ಟೆ ಇತ್ತು. ಎಚ್ಚರ ತಿಳಿಯಾದ ದಿನ ಅವನು ಗೋಡೆಯ ಕಡೆ ಮುಖ ಮಾಡಿ ಬಿಕ್ಕಿದ. ನನ್ನಂಥವನ ಸಲುವಾಗಿ ನಿಮ್ಮ ವ್ರತ ಮುರಿಯಿತಲ್ಲ ತಾಯಿ ಎಂದ.

"ಹೌದು, ಮುರೀತು. ಈಗ ಇಬ್ಬರೂ ಮುರದವರೇ. ಗುಳಿಗಿ ನುಂಗು" ಎಂದರು ಮಾತೋಶ್ರೀಯವರು.

ಅವನು ನುಂಗಿದ.

ಮರಳಿದ ಮೇಲೆ ಅವರು ವ್ರತವನ್ನು ಮತ್ತೆ ತೊಡಲಿಲ್ಲ. ಆಣೆಗೆಂದು ಬಂದವರಿಗೆ ವಿಭೂತಿ ಹಚ್ಚಿ, ಮೊದಲು ಡಾಕ್ಟರರನ್ನು ಕಂಡು ಬರಬೇಕೆಂದು ಕಟ್ಟಳೆ ಮಾಡಿದರು. ಅಂಥವರನ್ನು ಬಸ್ಸು ಹತ್ತಿಸುವ ಕೆಲಸ ಸಂಗಯ್ಯನವರ ಪಾಲಿಗೆ ಬಂತು, ಗೊಣಗುತ್ತಲೇ ಮಾಡಿದರು. ಹಳೆಯ ಭಕ್ತರು ಎಷ್ಟೋ ಜನ ಬರುವುದನ್ನು ಬಿಟ್ಟರು. ಅಮಾವಾಸ್ಯೆಯಂದೂ ಅಂಗಳ ಭಣಗುಟ್ಟಿತು. ಬೇವಿನ ಮರದಡಿ ಮಾತೋಶ್ರೀಯವರು ಒಬ್ಬರೇ ಕುಳಿತು ಪಲ್ಯೆ ಸೋಸುವ ದಿನಗಳೇ ಹೆಚ್ಚಾದವು. ಅವರ ಮುಖದಲ್ಲಿ ಬೇಸರ ಕಂಡವರಿಲ್ಲ.

ಲಚ್ಚಪ್ಪ ಗುಳಿಗೆ ತಪ್ಪಿಸಲಿಲ್ಲ. ಮತ್ತೆ ಕರಣೆ ಹಿಡಿದು ಗೋಡೆ ಕಟ್ಟತೊಡಗಿದ. ಶಾಂತವ್ವ ಮರಳಲಿಲ್ಲ, ಮಗಳು ಮಾತ್ರ ನಾಗರ ಪಂಚಮಿಗೆ ಬಂದು ಅಪ್ಪನಿಗೆ ಹಬ್ಬದ ಉಂಡಿ ಕೊಟ್ಟು ಹೋದಳು. ಅವಳನ್ನು ಬಸ್ಸಿಗೆ ಹತ್ತಿಸಿ ಬಂದ ಸಂಜೆ ಖಾಲಿ ಮನೆಯಲ್ಲಿ ಕೂರಲಾರದೆ ಅವನು ಮತ್ತೆ ಕುಡಿದ.

ಮರುದಿನ ಮಧ್ಯಾಹ್ನ ದಾಸೋಹದ ಪಂಕ್ತಿ ಕುಳಿತಿತ್ತು. ಲಚ್ಚಪ್ಪ ಹೊಲದ ಬದುವಿಗೆ ಹೋಗಲಿಲ್ಲ. ಮುಂಬಾಗಿಲಿನಿಂದ ಒಳಗೆ ಬಂದು ಎಲ್ಲರೆದುರು ನಿಂತು, "ತಾಯಿ, ಮತ್ತ ಕುಡದೀನಿ. ಆಸ್ಪತ್ರಿಗೆ ಹೋಗಬೇಕು" ಎಂದ.

ಪಂಕ್ತಿಯಲ್ಲಿ ಗುಸುಗುಸು ಎದ್ದಿತು. ಸಂಗಯ್ಯನವರು ಅರ್ಧ ಊಟದಲ್ಲೇ ಎದ್ದು ಕೈ ತೊಳೆದರು. ಇನ್ನೇನು ರಟ್ಟೆ ಹಿಡಿದು ಹೊರಗೆ ನೂಕುತ್ತಾರೆ ಎಂದು ಲಚ್ಚಪ್ಪ ಕಣ್ಣು ಮುಚ್ಚಿದ. ಅವರು ತಮ್ಮ ಎಡೆಯ ಪಕ್ಕದ ಜಾಗ ತೋರಿಸಿದರು.

"ಮೊದಲು ಉಣ್ಣು. ಈ ಸಲ ಜೊತಿಗೆ ನಾ ಬರತೀನಿ."

ಬಡಿಸುತ್ತಿದ್ದ ಮಾತೋಶ್ರೀಯವರು ಲಚ್ಚಪ್ಪನಿಗೆ ರೊಟ್ಟಿ ಹಾಕಿದರು. ಆಮೇಲೆ ಸಂಗಯ್ಯನವರ ಕಡೆ ತಿರುಗಿ, "ಅಯ್ಯನವರ, ಒಂದು ಚಾದರ ಜಾಸ್ತಿ ತಗೋರಿ. ಅಲ್ಲಿ ನೆಲ ಭಾಳ ತಣ್ಣಗಿರತದ" ಎಂದರು.