ಹೆಸರಿಲ್ಲದ ಗೆರೆ

ಕಂಪ್ಯೂಟರ್ ಪರದೆಯ ಮೇಲೆ ‘ಉಳಿಸು’ ಗುಂಡಿಯನ್ನು ಹುಡುಕಿ ಒತ್ತುವುದು ಸ್ಕ್ರಿಪ್ಟು ಎಂಬ ಪುಟ್ಟ ಪ್ರೋಗ್ರಾಮಿನ ಕೆಲಸ. ಕರೆಂಟು ಹೋಗಿ ಯುಪಿಎಸ್ ಕೂಗತೊಡಗಿತ್ತು. ಅದರ ಬ್ಯಾಟರಿ ಉಳಿದಿದ್ದ ಮೂರು ನಿಮಿಷದೊಳಗೆ ಒತ್ತದಿದ್ದರೆ, ಊಟಕ್ಕೆ ಹೋದ ವಾರಿಜಮ್ಮ ಬೆಳಗಿನಿಂದ ಟೈಪು ಮಾಡಿದ ಅರ್ಜಿ ಅಳಿಸಿಹೋಗುತ್ತಿತ್ತು. ಸ್ಕ್ರಿಪ್ಟು, ಪರದೆಯ ಮೇಲೆ ಸಾಲಾಗಿ ನಿಂತಿದ್ದ ಒಬ್ಬೊಬ್ಬರ ಹೆಸರು ಕೇಳುತ್ತ ಬಂತು. ಮೂರನೆಯದು ಗುಂಡಿಯಲ್ಲ, ಎರಡು ಗುಂಡಿಗಳ ನಡುವಿನ ಬರಿಯ ಗೆರೆ.

“ನಿನ್ನ ಹೆಸರು?”

“ನನಗೆ ಹೆಸರಿಟ್ಟಿಲ್ಲ ಸ್ವಾಮಿ, ಮುಂದೆ ಹೋಗಿ.”

“ಹೆಸರು ಹೇಳುವವರೆಗೆ ನಾನು ಕದಲುವುದಿಲ್ಲ.”

ಗೆರೆಯ ಆಚೆಯಿಂದ ದನಿ ಬಂತು: “ಉಳಿಸು ನಾನೇ. ಪಕ್ಕದಲ್ಲೇ ಇದ್ದೇನೆ, ಬೇಗ ಬನ್ನಿ.”

“ನಿನ್ನ ಸರದಿ ಬಂದಾಗ ಕೇಳುತ್ತೇನೆ.”

ಗೆರೆ ಅಂಗಲಾಚಿತು: “ಹೆಸರು ಇಲ್ಲವೆಂದೇ ಬರೆದುಕೊಳ್ಳಿ ಸ್ವಾಮಿ.”

“ಇಲ್ಲ ಎಂದು ಬರೆಯಲು ನನ್ನಲ್ಲಿ ಜಾಗವಿಲ್ಲ,” ಎಂದಿತು ಸ್ಕ್ರಿಪ್ಟು.

ಯುಪಿಎಸ್ಸಿನ ಕೂಗು ನಿಂತಿತು. ಕಪ್ಪು ಪರದೆಯ ಮೇಲೆ ಈಗ ಯಾರಿಗೂ ಹೆಸರಿರಲಿಲ್ಲ.