ಅಮಾಸಿ ದಿನದ ಪಾಳಿ

ಹೊಳೆ ದಂಡೆಯ ಮಠದ ಸ್ವಾಮಿಗಳು, ಊರವರ ಬಾಯಲ್ಲಿ ಅಜ್ಜಾರು, ಸಂಜೆಯ ಗಾಳಿಗೆ ಕಟ್ಟೆಯ ಮೇಲೆ ಕೂತಿದ್ದರು. ನೀಲವ್ವ ಮತ್ತು ಅವಳ ತಮ್ಮ ಬಸಲಿಂಗ ಜಗಳಾಡುತ್ತಲೇ ಮೆಟ್ಟಿಲು ಹತ್ತಿ ಬಂದರು. ಇಬ್ಬರೂ ಅಜ್ಜಾರ ಹತ್ತಿರ ಓದು ಕಲಿಯುವ ಶಿಷ್ಯರು. ಓದಿನಲ್ಲಿ ಅಷ್ಟಕ್ಕಷ್ಟೆ, ವಾದಕ್ಕೆ ನಿಂತರೆ ಮಾತ್ರ ಬಿಡುವ ಕುಳಗಳಲ್ಲ!

"ಅಜ್ಜಾರ, ನ್ಯಾಯ ಹೇಳ್ರಿ," ಎಂದಳು ನೀಲವ್ವ.

"ಏನಾತವ್ವ?"

"ನಿನ್ನೆ ಕರು ಹಾಲೆಲ್ಲಾ ಕುಡದಬಿಡ್ತ್ರಿ. ಅವ್ವ ಹಸಿ ಬಾಣಂತಿ. ಆಕಿಗೆ ಒಂದು ಹನಿ ಹಾಲು ಉಳೀಲಿಲ್ಲ."

"ಅಯ್ಯೋ ಪಾಪ. ಕರು ಯಾಕ ಕಟ್ಟಿರಲಿಲ್ಲ?"

ಕಥೆ ಇಷ್ಟೇ. ಮೇಯಲು ಹೋದ ಆಕಳು ಸಂಜೆ ಮನೆಗೆ ಬರುವುದರೊಳಗೆ ಕರುವನ್ನು ಗೂಟಕ್ಕೆ ಕಟ್ಟಬೇಕು. ಆಮೇಲೆ ಅಪ್ಪ ಹೊಲದಿಂದ ಬಂದು ಹಾಲು ಹಿಂಡುತ್ತಾನೆ. ಕಟ್ಟುವ ಕೆಲಸ ಮಕ್ಕಳದು. ಒಂದು ದಿನ ಅಕ್ಕ, ಒಂದು ದಿನ ತಮ್ಮ.

"ಮೊನ್ನೆ ಅಮಾಸಿ, ಅವತ್ತು ನನ್ನ ಪಾಳಿ," ಎಂದ ಬಸಲಿಂಗ. "ಅದು ಮುಗೀತು. ನಿನ್ನೆ ಅಕ್ಕಂದು."

"ಮುಗೀತಂತ! ಅಮಾಸಿ ದಿವಸ ಹೊಲದಾಗ ಗಳೇ ಹೂಡಂಗಿಲ್ಲ, ಅಪ್ಪ ಮನ್ಯಾಗ ಇದ್ದ, ಕರೂನ ಅಪ್ಪನೇ ಕಟ್ಟಿದ. ಇವ ಕೈ ಸೈತ ಹಚ್ಚಿಲ್ಲರಿ. ಇವನ ಪಾಳಿ ಹಂಗ ಉಳದೈತಿ."

"ನನ್ನ ಪಾಳಿಗೆ ಅಮಾಸಿ ಸೂಟಿ ಬಂತು. ಸೂಟಿ ಅಂದ್ರ ಸೂಟಿ!"

"ಎಲ್ಲೀದೋ ಸೂಟಿ, ಮೈಗಳ್ಳ!"

ಅಜ್ಜಾರು ಗಡ್ಡ ನೀವಿಕೊಂಡರು. "ಅಮಾಸಿ ದಿವಸ ಕರು ಉಪಾಸ ಇರ್ತೈತೇನು?"

ಇಬ್ಬರೂ ಕಿಸಕ್ಕನೆ ನಕ್ಕರು. ನಗುತ್ತಲೇ ನೀಲವ್ವನ ಕಣ್ಣು ತುಂಬಿ ಬಂತು. "ನಿಮ್ಮಿಬ್ಬರ ಭರೋಸೆ ಬ್ಯಾಡ, ಇವತ್ತ ನಾನ ಎದ್ದು ಕಟ್ಟತೀನಿ ಅಂದಾಳ್ರಿ ಅವ್ವ. ಆಕಿಗೆ ಇನ್ನ ನೆಟ್ಟಗ ನಿಂದರಾಕೂ ಆಗಂಗಿಲ್ಲ. ಲಗೂನ ಹೇಳ್ರಿ ಅಜ್ಜಾರ, ಇವತ್ತ ಯಾರ ಪಾಳಿ?"

"ಭಾರಿ ತೊಡಕಿನ ಪ್ರಶ್ನೆ ತಂಗಿ. ಪಂಚಾಂಗ ನೋಡಬೇಕು."

ಅಜ್ಜಾರು ನಿಧಾನಕ್ಕೆ ಎದ್ದರು. ಪಂಚಾಂಗ ತಂದರು. ಚಸ್ಮಾ ಹುಡುಕಿದರು. ಒರೆಸಿದರು, ಬೆಳಕಿಗೆ ಹಿಡಿದು ನೋಡಿ ಮತ್ತೆ ಒರೆಸಿದರು.

ಹೊಳೆಯ ಕಡೆಯಿಂದ ಕೊರಳಗಂಟೆಯ ಸದ್ದು ಕೇಳಿತು. ದನಗಳು ಮರಳುತ್ತಿದ್ದವು. ಎಲ್ಲಕ್ಕಿಂತ ಮುಂದೆ ಇವರದೇ ಆಕಳು, ಕರುವಿನ ಆಸೆಗೆ ಬಿರಬಿರನೆ ಬರುತ್ತಿತ್ತು.

"ಅಜ್ಜಾರ, ಆಕಳ ಬಂತು!"

"ಬರಲಿ. ನ್ಯಾಯದ ಮಾತಿನಾಗ ಅವಸರ ಮಾಡಬಾರದು. ಅಮಾಸಿ... ಅಮಾಸಿ... ಯಾವ ಪುಟದಾಗ ಐತೋ..."

ನೀಲವ್ವ ಬಗ್ಗಿ ಇಣುಕಿದಳು. "ಅಯ್ಯ! ಇದು ಹ್ವಾದ ವರ್ಷದ್ದರಿ!"

"ಹೌದೇನು? ತಡೀರಿ, ಈ ವರ್ಷದ್ದು ಅಟ್ಟದ ಮ್ಯಾಲ ಐತಿ. ನಿಚ್ಚಣಿಕಿ ತರ್ತೀನಿ."

"ನೀವು ನಿಚ್ಚಣಿಕಿ ತರೂದ್ರಾಗ ಅವ್ವ ಎದ್ದಬಿಡ್ತಾಳ್ರಿ!"

ಬಸಲಿಂಗ ಕಟ್ಟೆಯಿಂದ ಚಂಗನೆ ಹಾರಿದ. ಅವನ ಬೆನ್ನಿಗೇ ನೀಲವ್ವ, ಲಂಗ ಎತ್ತಿ ಹಿಡಿದು. ಆಕಳನ್ನು ಹಿಂದೆ ಹಾಕಿ ಇಬ್ಬರೂ ಊರ ಕಡೆ ಓಡಿದರು.

ದೀಪ ಹಚ್ಚುವ ಹೊತ್ತಿಗೆ ಮತ್ತೆ ಬಂದರು. ಬಸಲಿಂಗನ ಮೊಣಕಾಲು ತರಚಿತ್ತು. ನೀಲವ್ವನ ಕೈಯಲ್ಲಿ ಒಂದು ತಂಬಿಗೆ ಹಾಲು.

"ಮಠಕ್ಕ ಕೊಟ್ಟು ಬರ್ರಿ ಅಂದಳ್ರಿ ಅವ್ವ."

"ಕರು ಯಾರು ಕಟ್ಟಿದ್ರಿ?"

"ನಾ ಕುತ್ತಿಗಿ ಅಪ್ಪಿ ಹಿಡದೆ, ಅಕ್ಕ ಹಗ್ಗ ಬಿಗದಳು. ಗುಮ್ಮಿ ಕೆಡವಿತ್ರಿ ನನ್ನ!" ಬಸಲಿಂಗನಿಗೆ ಖುಷಿಯೋ ಖುಷಿ. ಆಮೇಲೆ ನೆನಪಾಯಿತು. "ಅಜ್ಜಾರ, ಪಾಳಿ ಯಾರದಿತ್ತು? ಪಂಚಾಂಗದಾಗ ಸಿಕ್ಕಿತೇನ್ರಿ?"

ಅಟ್ಟದಿಂದ ಇಳಿಸಿದ ಪಂಚಾಂಗ ಪಕ್ಕದಲ್ಲೇ ಇತ್ತು. ಅಜ್ಜಾರು ಅದನ್ನು ತಂಬಿಗೆಯ ಮೇಲೆ ಮುಚ್ಚಳ ಮಾಡಿ ಇಟ್ಟರು.

"ಅವ್ವ ಎದ್ದಳೇನು?"

"ಇಲ್ರಿ. ಹಾಲು ಕುಡದು ಮಲಗ್ಯಾಳ."

"ಹಂಗಾದ್ರ ಅಮಾಸಿ ಜಗಳ ಮುಗೀತು."