ಕುಂಕುಮ ಹತ್ತಿದ ಟೋಪಿ

ಬಾಳ ಹಿಂದೆ, ಒಂದೂರಲ್ಲಿ ಒಂದೇ ಒಂದು ಕಾರಿತ್ತಂತೆ. ಬೇರೆ ಯಾವೂರೋ ಅಂದ್ಕೋಬೇಡಿ, ಇದೇ ನಮ್ಮ ಗಾಳಿಕೊಪ್ಪಲು. ಕಾರು ಕರೇಗೌಡರದು. ಅದು ಕೆಟ್ಟರೆ ರಿಪೇರಿ ಮಾಡೋನು ಹುಣಸೆ ಮರದಡಿ ಅಂಗಡಿ ಇಟ್ಕೊಂಡಿದ್ದ ಬುಡೇನ್ ಸಾಬ್, ಊರೋರ ಬಾಯಲ್ಲಿ ಬುಡೇನಣ್ಣ. ಅವನು ಕೆಮ್ಮಿದರೆ ಸಾಕು ಸತ್ತ ಗಾಡಿ ಎದ್ದು ಓಡ್ತಿತ್ತು ಅಂತಾರೆ. ಅದೆಲ್ಲ ಬುರುಡೆ. ನಮ್ಮಜ್ಜಿ ಕಣ್ಣಾರೆ ಕಂಡಿದ್ದನ್ನ ನಾನು ಹೇಳ್ತೀನಿ, ಸುಮ್ನೆ ಕೂತು ಕೇಳಿ.

ಆ ಕಾಲಕ್ಕೆ ಜವರಯ್ಯ ಅಂತ ನಮ್ಮೂರಿಗೊಬ್ಬ ಪೈಲ್ವಾನ. ವಿಜಯದಶಮಿ ದಿನ ಪೇಟೇಲಿ ದೊಡ್ಡ ಕುಸ್ತಿ. ಹಿಂದಿನ ವರ್ಷ ಬಸ್ಸು ಕೈಕೊಟ್ಟು, ಅಖಾಡದಲ್ಲಿ ಹೆಸರು ಕೂಗಿದಾಗ ಅವನಿರಲಿಲ್ಲ. ಹೆದರಿ ಮನೇಲಿ ಕೂತ ಅಂತ ಪೇಟೆಯೋರು ಆಡ್ಕೊಂಡರಂತೆ. ಆವತ್ತಿಂದ ಅವನು ತಲೆ ಎತ್ತಿ ನಡೆದಿರಲಿಲ್ಲ. ಈ ಸಲ ನನ್ನ ಕಾರಲ್ಲೇ ಬಾರೋ ಅಂದಿದ್ದರು ಗೌಡರು.

ಹಿಂದಿನ ದಿನ ಆಯುಧಪೂಜೆ. ನಮ್ಮೋರ ಭಕ್ತಿ ಕೇಳ್ಬೇಕಾ? ಕಾರನ್ನ ಹೊರಗೆ ತೊಳೆದಿದ್ದು ಸಾಲದು ಅಂತ ಬಾನೆಟ್ ಎತ್ತಿ ಇಂಜಿನ್‌ಗೂ ಕೊಡಗಟ್ಟಲೆ ನೀರು ಸುರಿದರಂತೆ. ಸಿಕ್ಕಿದ ಮುಚ್ಚಳ ಎಲ್ಲಾ ಎತ್ತಿ ಒಳಗೂ ಕುಂಕುಮ ಇಟ್ಟರಂತೆ.

ಮಾರನೇ ಬೆಳಿಗ್ಗೆ ಗೌಡರು ಕೀ ತಿರುಗಿಸಿದರು, ಹತ್ತಲಿಲ್ಲ. ಊರೆಲ್ಲ ಸೇರಿ ಕೆರೆ ಏರಿ ತನಕ ತಳ್ಳಿತು, ಹತ್ತಲಿಲ್ಲ. ಜವರಯ್ಯ ತಳ್ಳೋಕೆ ಬಂದರೆ ಅವನವ್ವ ಪುಟ್ಟೀರಮ್ಮ, ನಿನ್ನ ಕಸುವು ಅಖಾಡಕ್ಕಿರಲಿ ಅಂತ ಗದರಿ ಕೂರಿಸಿದಳಂತೆ. ದೃಷ್ಟಿಯಾಗಿದೆ ಅಂತ ಪೂಜಾರಿ ಧೂಪ ಹಾಕಿ, ಆರತಿ ಎತ್ತಿ, ಆ ನೀರನ್ನೂ ಇಂಜಿನ್‌ಗೇ ಹೊಯ್ದ. ಬಿಸಿಲೇರಿತು. ಜವರಯ್ಯ ಟವಲಲ್ಲಿ ಮುಖ ಮುಚ್ಕೊಂಡು ಅಳ್ತಾ ಕೂತಿದ್ದ. ಅಷ್ಟು ದೊಡ್ಡ ಆಳು, ಪಾಪ.

ಮಗಳ ಊರಿಗೆ ಹೋಗಿದ್ದ ಬುಡೇನಣ್ಣ ಆಗ ಬಂದನಂತೆ. ಬಂದೋನು ಮೊದಲು ಎಲ್ಲರ ಬಾಯಿ ಮುಚ್ಚಿಸಿದ. ಗೌಡರಿಗೆ ಕೀ ತಿರುಗಿಸೋಕೆ ಹೇಳಿ ಕಿವಿಗೊಟ್ಟ. ಬ್ಯಾಟರಿ ಸುಸ್ತಾಗಿದೆ, ಸತ್ತಿಲ್ಲ ಅಂದ. ಮೂಸಿದ, ಪೆಟ್ರೋಲ್ ಬರ್ತಿದೆ ಅಂದ. ಪ್ಲಗ್ಗಿನ ವೈರ್ ಕಿತ್ತು ಕಬ್ಬಿಣದ ಹತ್ತಿರ ಹಿಡಿದು ಇನ್ನೊಂದ್ಸಲ ಕೀ ಹಾಕಿಸಿದರೆ ಕಿಡಿ ಹಾರಲಿಲ್ಲ. ಆಗ ನಕ್ಕನಂತೆ. ಪ್ಲಗ್ಗುಗಳಿಗೆ ಕರೆಂಟು ಹಂಚೋ ಡಿಸ್ಟ್ರಿಬ್ಯೂಟರ್ ಮುಚ್ಚಳ ಬಿಚ್ಚಿದರೆ, ಒಳಗೆಲ್ಲ ಕುಂಕುಮದ ಕೆಸರು.

"ಗೌಡ್ರೇ, ಪೂಜೆ ಜೋರಾಗೇ ಮಾಡಿದ್ದೀರ. ಒಂದು ಒಣಬಟ್ಟೆ ಕೊಡಿ," ಅಂದ.

ಎಲ್ಲಿದೆ ಒಣಬಟ್ಟೆ? ತಳ್ಳಿ ತಳ್ಳಿ ಎಲ್ಲರ ಅಂಗಿ ಪಂಚೆ ಬೆವರಲ್ಲಿ, ಜವರಯ್ಯನ ಟವಲು ಕಣ್ಣೀರಲ್ಲಿ ತೊಯ್ದಿತ್ತು. ಊರಿಗೆ ಓಡಿ ತರೋಷ್ಟು ಹೊತ್ತಿಲ್ಲ. ಬುಡೇನಣ್ಣ ಹಿಂದೆಮುಂದೆ ನೋಡದೆ ತಲೆ ಮೇಲಿನ ಬಿಳಿ ಟೋಪಿ ತೆಗೆದ. ನಮಾಜಿಗೆ ಹಾಕ್ಕೊಳ್ಳೋ ಟೋಪಿ. ಗೌಡರು ಬೇಡ ಕಣಣ್ಣ ಅಂತ ಕೈ ಹಿಡಿದರಂತೆ. ಅವನು ಕೇಳಲಿಲ್ಲ. ಮೂಲೆ ಮೂಲೆ ಒರೆಸಿದ. ಪೂಜಾರಿ ಧೂಪದ ಕೆಂಡ ಹತ್ತಿರ ತಂದರೆ, ಪೆಟ್ರೋಲ್ ಪಕ್ಕ ಬೆಂಕಿ ತರ್ತೀರಾ ಸ್ವಾಮಿ ಅಂತ ಬೈದು, ಕೆಂಡವನ್ನ ದೂರ ಇಡಿಸಿ, ಮುಚ್ಚಳವನ್ನ ಅಲ್ಲಿಗೇ ಒಯ್ದು ಕಾಯಿಸಿದ. ತಿರುಗಿ ಜೋಡಿಸಿದ. ಗೌಡರು ಕೀ ತಿರುಗಿಸಿದರು.

ಹತ್ತಿತು! ಕೆರೆ ಏರಿ ಮೇಲೆ ಜನ ಕುಣಿದರಂತೆ. ಅಜ್ಜಿಯೂ ಕುಣಿದಳಂತೆ, ಅದನ್ನ ಮಾತ್ರ ಅವಳು ಮೆತ್ತಗೆ ಹೇಳ್ತಿದ್ಳು.

ಅಖಾಡದಲ್ಲಿ ಜವರಯ್ಯನ ಹೆಸರು ಕಡೇ ಸಲ ಕೂಗುವಾಗ ಗೌಡರ ಕಾರಿನ ಹಾರನ್ ಓ ಅಂತಂತೆ. ಆಡ್ಕೊಂಡೋರ ಕಣ್ಣೆದುರೇ ಜವರಯ್ಯ ಎದುರಾಳಿನ ಎತ್ತಿ ಚಿತ್ ಮಾಡಿದ. ಊರಿಗೆ ಬಂದು, ಗೆದ್ದ ಪೇಟ ತೆಗೆದು ಬುಡೇನಣ್ಣನ ತಲೆಗೆ ಇಟ್ಟ. ಬುಡೇನಣ್ಣ ಅದನ್ನ ತಿರುಗಿ ಅವನ ತಲೆಗೇ ಇಟ್ಟು, ಜೇಬಿಂದ ಕುಂಕುಮದ ಟೋಪಿ ತೆಗೆದು ಹಾಕ್ಕೊಂಡನಂತೆ. ನನಗೆ ಇದೇ ಸಾಕು ಅಂದನಂತೆ. ಆ ಟೋಪಿಯನ್ನ ಅವನು ಒಗೆಯಲೇ ಇಲ್ಲ ಅಂತಾರೆ.

ಈಗ ಊರ ತುಂಬ ಗಾಡಿಗಳು. ಆದರೂ ಆಯುಧಪೂಜೆ ದಿನ ಗಾಳಿಕೊಪ್ಪಲಲ್ಲಿ ಬಾನೆಟ್ ಒಳಗೆ ಯಾರೂ ನೀರು ಹಾಕಲ್ಲ. ಒಂದು ಬಿಳಿ ಒಣಬಟ್ಟೇಲಿ ಒರೆಸ್ತಾರೆ. ಮೊದಲ ಕುಂಕುಮ ಗಾಡಿಗಲ್ಲ, ಆ ಬಟ್ಟೆಗೆ ಇಡ್ತಾರೆ.